ಹೆಸರಿಲ್ಲದ ಚೀಟಿಗಳು

ನಾನು ನಿವೃತ್ತಿಯಾಗಿ ಎರಡು ತಿಂಗಳೂ ಆಗಿರಲಿಲ್ಲ, ನನ್ನ ಜಾಗಕ್ಕೆ ಬಂದಿರುವ ಕಾವ್ಯಾ ಫೋನ್ ಮಾಡಿದಳು. "ಮೇಡಂ, ನಿಮ್ಮ ಲೆಸನ್ ಪ್ಲಾನ್ ಫೈಲ್ ಎಲ್ಲಿದೆ? ಲ್ಯಾಬ್ ಬೀರು ಪೂರ್ತಿ ಹುಡುಕಿದೆ, ಸಿಗ್ತಾ ಇಲ್ಲ." ಸಿಗುವುದಿಲ್ಲ. ಅದನ್ನು ಇನ್‌ಸ್ಪೆಕ್ಷನ್ನಿಗೆಂದು ಬರೆದಿದ್ದೆ. ಇನ್‌ಸ್ಪೆಕ್ಷನ್ ಮುಗಿದ ಮೇಲೆ ಅದು ಆಫೀಸಿನಲ್ಲೇ ಉಳಿಯಿತು, ನಾನೂ ವಾಪಸ್ ಕೇಳಲಿಲ್ಲ. ಅದರಲ್ಲಿದ್ದಂತೆ ನಾನು ಒಂದು ದಿನವೂ ಪಾಠ ಮಾಡಿದವಳಲ್ಲ. ಹಾಗೆಂದು ಹೇಳಿದರೆ ಹುಡುಗಿ ಹೆದರಿಕೊಂಡಾಳು ಎಂದು, "ಬರೆದು ಕಳಿಸ್ತೀನಿ ಇರಮ್ಮ" ಎಂದೆ. ಅದನ್ನೇ ಈಗ ಬರೆಯುತ್ತಿದ್ದೇನೆ.

ವಿಜಯನಗರದ ನಮ್ಮ ಪಿಯು ಕಾಲೇಜಿನಲ್ಲಿ ನಾನು ಮೊದಲು ಗಣಿತ, ಆಮೇಲೆ ಕಂಪ್ಯೂಟರ್ ಸೈನ್ಸ್ ಕಲಿಸಿದೆ. ಯಾವ ವರ್ಷ ಏನಾದೆ ಎಂಬುದೆಲ್ಲ ಪೆನ್ಷನ್ ಕಾಗದದಲ್ಲಿದೆ, ಇಲ್ಲಿ ಬೇಡ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಧೈರ್ಯವಾಗಿ ಹೇಳಬಲ್ಲದ್ದು ಪೀರಿಯಡ್ಡಿನ ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷದ ವಿಷಯ ಮಾತ್ರ. ನಡುವಿನದನ್ನು ಪಠ್ಯಪುಸ್ತಕ ಹೇಗೋ ನೋಡಿಕೊಳ್ಳುತ್ತದೆ. ನಾನು ಮಾಡಿದ ದೊಡ್ಡ ತಪ್ಪು ಕೂಡ ಕೊನೆಯ ಐದು ನಿಮಿಷದಲ್ಲಿ ಮಾಡಿದ್ದು.

ಕಂಪ್ಯೂಟರ್ ನನ್ನ ತಲೆಗೆ ಬಂದದ್ದು ಪ್ರಿನ್ಸಿಪಾಲ್ ರುದ್ರಪ್ಪನವರಿಂದ. ಒಂದು ದಿನ ಕರೆದು, "ಕಂಪ್ಯೂಟರ್ ಸೆಕ್ಷನ್ ಶುರು ಮಾಡ್ತಾ ಇದೀವಿ, ಲೆಕ್ಚರರ್ ಸಿಗ್ತಿಲ್ಲ. ನಿಮಗೆ ಲೆಕ್ಕ ಬರುತ್ತಲ್ಲ ಮೇಡಂ, ಇದೂ ಬರುತ್ತೆ" ಎಂದರು. ಲೆಕ್ಕ ಬಂದವರಿಗೆ ಸಂಗೀತವೂ ಬರುತ್ತದೆ ಎಂದು ಹೇಳಲಿಲ್ಲವಲ್ಲ, ಅದೇ ಪುಣ್ಯ. ರಾಜಾಜಿನಗರದ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಮೂರು ತಿಂಗಳು ಸಂಜೆ ಹೊತ್ತು ಕಾಲೇಜು ಹುಡುಗರ ನಡುವೆ ಕೂತು ಕಲಿತೆ. ಪಕ್ಕದ ಸೀಟಿನವನು ದಿನಕ್ಕೆ ಹತ್ತು ಸಲ "ಆಂಟಿ, ಸೆಮಿಕೋಲನ್ ಬಿಟ್ರಿ" ಎನ್ನುತ್ತಿದ್ದ. ಬಿಡುತ್ತಿದ್ದುದು ನಿಜ.

ನನ್ನ ಮೊದಲ ವರ್ಷದ ಮೊದಲ ಕ್ಲಾಸು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಳಗೆ ಹೋದವಳೇ ಹಾಜರಿ ಕರೆದು, ಕಂಪ್ಯೂಟರಿನ ಐದು ಪೀಳಿಗೆಗಳನ್ನು ನೋಟ್ಸ್ ಬರೆಸಲು ಶುರು ಮಾಡಿದೆ. ಅದು ಎರಡು ವಾರ ನಡೆಯಿತು. ಮೂರನೇ ವಾರ ಮುಂದಿನ ಬೆಂಚಿನ ಒಬ್ಬ ಬಹಳ ಮರ್ಯಾದೆಯಿಂದಲೇ ಎದ್ದು ನಿಂತು, "ಮೇಡಂ, ಕಂಪ್ಯೂಟರ್ ಯಾವಾಗ ಆನ್ ಮಾಡ್ತೀರಾ?" ಎಂದು ಕೇಳಿದ. ನನಗೆ ಸಿಟ್ಟು ಬಂತು, ಕೂರಿಸಿದೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಯೋಚಿಸಿದರೆ ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ಮಾರನೆಯ ದಿನ ನೋಟ್ಸ್ ಬಿಟ್ಟೆ. ಬಾಗಿಲ ಹತ್ತಿರ ಚಾಕ್‌ಪೀಸ್ ಹಿಡಿದು ನಿಂತು, "ಈಗ ನಾನೇ ಕಂಪ್ಯೂಟರ್. ನನಗೆ ಸ್ವಂತ ಬುದ್ಧಿ ಇಲ್ಲ" ಎಂದೆ. ಹಿಂದಿನ ಬೆಂಚಿನಿಂದ ಯಾರೋ "ಗೊತ್ತು ಮೇಡಂ" ಎಂದರು. ಅದನ್ನು ಕೇಳಿಸಿಕೊಳ್ಳದವಳಂತೆ ಮುಂದುವರಿಸಿದೆ. ನಡೆ, ನಿಲ್ಲು, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಕೈ ಎತ್ತು: ಈ ಐದು ಮಾತು ಬಿಟ್ಟರೆ ನನಗೆ ಬೇರೇನೂ ತಿಳಿಯದು, ನನ್ನನ್ನು ಬೋರ್ಡಿನವರೆಗೆ ಕರೆದುಕೊಂಡು ಹೋಗಿ ಎಂದೆ. ಒಬ್ಬ "ನಡೀರಿ" ಎಂದ. ನಡೆದೆ. ಎಡವೋ ಬಲವೋ ಎಂದು ಅವರವರಲ್ಲೇ ಜಗಳ ಹತ್ತಿತು. ನನ್ನ ಎಡವೋ ಅವರ ಎಡವೋ ಎಂದು ಇನ್ನೊಂದು ಜಗಳ. ಅಷ್ಟರಲ್ಲಿ ನಾನು ಬೋರ್ಡನ್ನು ದಾಟಿ ಆಚೆ ಗೋಡೆಗೆ ಹೋಗಿ ಮುಟ್ಟಿದ್ದೆ. ನಿಲ್ಲು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಹಣೆ ಗೋಡೆಗೆ ಹಚ್ಚಿಕೊಂಡು ನಿಂತಲ್ಲೇ ಕಾಲು ಎತ್ತಿ ಇಡುತ್ತಿದ್ದೆ.

ಆಗಲೇ ರುದ್ರಪ್ಪನವರು ರೌಂಡ್ಸಿಗೆ ಬಂದರು. ಐವತ್ತು ಮಕ್ಕಳ ಮುಂದೆ ಅವರ ಲೆಕ್ಚರರ್ ಗೋಡೆಗೆ ಮುಖ ಮಾಡಿ ನಡೆಯುತ್ತಿದ್ದಾಳೆ.

"ಮೇಡಂ, ಹುಷಾರಾಗಿದೀರಾ?"

ಕಂಪ್ಯೂಟರಿಗೆ ಆ ಮಾತು ಬರುವುದಿಲ್ಲ. ನಾನು ನಡೆಯುತ್ತಲೇ ಇದ್ದೆ.

"ಸಾರ್, ಸ್ಟಾಪ್ ಹೇಳೋದು ಮರ್ತೋಯ್ತು ಸಾರ್" ಎಂದ ನಡೀರಿ ಎಂದಿದ್ದವನು.

"ಹಾಗಾದ್ರೆ ಹೇಳಪ್ಪ, ಏನ್ ನೋಡ್ತಾ ನಿಂತಿದೀಯ!"

"ಸ್ಟಾಪ್ ಮೇಡಂ!"

ನಿಂತೆ. ತಿರುಗಿ ಪ್ರಿನ್ಸಿಪಾಲರಿಗೆ ನಮಸ್ಕಾರ ಹೇಳಿದೆ. ಅವರು ಮುಂದಿನ ಕ್ಲಾಸಿನ ಕಡೆ ಹೋದರು, ಆದರೆ ಮಧ್ಯಾಹ್ನ ನನ್ನ ಟೇಬಲ್ಲಿಗೆ ಕಾಫಿ ಕಳಿಸಿ, ಬೇಕಾದರೆ ಎರಡು ದಿನ ರಜೆ ತೆಗೆದುಕೊಳ್ಳಬಹುದು ಎಂದು ಹೇಳಿಕಳಿಸಿದರು. ಆ ಬ್ಯಾಚಿನ ಮಕ್ಕಳಿಗೆ ಕಂಪ್ಯೂಟರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯದು ಎಂದು ನಾನು ಮತ್ತೆ ಹೇಳಬೇಕಾಗಿ ಬರಲಿಲ್ಲ. ಮುಂದೆ ಯಾರದಾದರೂ ಪ್ರೋಗ್ರಾಮು ನಿಲ್ಲದೆ ಓಡತೊಡಗಿದರೆ ಲ್ಯಾಬಿನಲ್ಲಿ "ಮಗಾ, ನಿಂದು ಗೋಡೆಗ್ ಹೋಯ್ತು" ಎನ್ನುತ್ತಿದ್ದರು.

ಇದು ಚೆನ್ನಾಗಿ ನಡೆಯಿತೆಂದು ಎಲ್ಲವೂ ನಡೆಯಲಿಲ್ಲ. ಚಿತ್ರಾನ್ನ ಮಾಡುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳಿ ಎಂದು ಒಂದು ದಿನ ಶುರು ಮಾಡಿದೆ. ಒಗ್ಗರಣೆಗೆ ಕಡಲೆಬೀಜ ಮೊದಲೋ ಕಡಲೆಬೇಳೆ ಮೊದಲೋ ಎಂದು ಮಹಾಲಕ್ಷ್ಮಿ ಲೇಔಟಿನ ಇಬ್ಬರು ಹುಡುಗಿಯರು ಹಿಡಿದ ಪಟ್ಟು ಬೆಲ್ ಹೊಡೆದರೂ ಬಿಡಲಿಲ್ಲ. ಅವತ್ತಿನ ಪಾಠ ಅಲ್ಲಿಗೇ ಹೋಯಿತು. ಆಮೇಲೆ ಮೇಜಿನ ಮೇಲೆ ವಾಚು ಬಿಚ್ಚಿಟ್ಟುಕೊಂಡೇ ಶುರು ಮಾಡುತ್ತಿದ್ದೆ. ಐದು ನಿಮಿಷವಾದರೆ ಒಗ್ಗರಣೆ ಅರ್ಧವಾಗಿದ್ದರೂ ಒಲೆ ಆರಿಸುವುದು.

ಇನ್ನು ಕೊನೆಯ ಐದು ನಿಮಿಷ. ಎಲ್ಲ ಮೇಷ್ಟ್ರುಗಳ ಹಾಗೆ ನಾನೂ ಮೊದಲು "ಅರ್ಥ ಆಯ್ತಾ?" ಎಂದು ಕೇಳುತ್ತಿದ್ದೆ. "ಆಯ್ತು ಮೇಡಂ" ಎಂದು ಇಡೀ ಕ್ಲಾಸು ಹಾಡುತ್ತಿತ್ತು. ಟೆಸ್ಟಿನಲ್ಲಿ ನೋಡಿದರೆ ಯಾರಿಗೂ ಏನೂ ಆಗಿರುತ್ತಿರಲಿಲ್ಲ. ನಮ್ಮ ಕಡೆಯ ಮಕ್ಕಳು ಸಭ್ಯರು. ಆಗಲಿಲ್ಲ ಎಂದರೆ ಮೇಡಂಗೆ ಬೇಜಾರಾಗುತ್ತದೆ ಎಂಬುದು ಅವರ ಲೆಕ್ಕ. ಅದಕ್ಕೆ ಚೀಟಿ ಶುರು ಮಾಡಿದೆ. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯನ್ನು ಅಂಗೈಯಗಲ ಕತ್ತರಿಸಿ ಬೆಂಚಿಗೆ ಹಂಚುವುದು. ಇವತ್ತು ತಲೆಗೆ ಹೋಗದ ಒಂದು ವಿಷಯ ಬರೆಯಬೇಕು, ಹೆಸರು ಹಾಕಬಾರದು, ಹೋಗುವಾಗ ಬಾಗಿಲ ಬಳಿ ಇಟ್ಟ ಬಿಸ್ಕತ್ ಡಬ್ಬದಲ್ಲಿ ಹಾಕಬೇಕು. ಮರುದಿನದ ಕ್ಲಾಸನ್ನು ಅದರಲ್ಲಿ ಒಂದು ಚೀಟಿ ಓದಿ ಶುರು ಮಾಡುವುದು. ಇವತ್ತಿನ ಕೊನೆ ನಾಳೆಯ ಮೊದಲಾಯಿತು, ನನಗೂ ಏನು ಹೇಳಿ ಶುರು ಮಾಡಲಿ ಎಂಬ ತಲೆಬಿಸಿ ತಪ್ಪಿತು.

ಮೊದಮೊದಲು ಬಂದ ಚೀಟಿಗಳೆಂದರೆ: ಫ್ಯಾನ್ ಸದ್ದು ಮಾಡುತ್ತೆ. ಹಸಿವು. ಮೇಡಂ ನೀವು ಬೋರ್ಡಿಗೆ ಅಡ್ಡ ನಿಲ್ತೀರಾ. ಮೂರನೆಯದನ್ನು ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೆಂಪಾದೆ, ಮರುದಿನದಿಂದ ಪಕ್ಕಕ್ಕೆ ನಿಂತೆ. ನಿಧಾನಕ್ಕೆ ಒಳ್ಳೆಯವು ಬರತೊಡಗಿದವು. ಒಂದು ವರ್ಷ ಬಂದ ಚೀಟಿ ಹೀಗಿತ್ತು: "ಇವತ್ತು ಎಕ್ಸ್ ಸಮ ಎಕ್ಸ್ ಪ್ಲಸ್ ಒಂದು ಅಂತ ಬರೆದ್ರಿ. ಇದು ಹೇಗೆ ಸಮ ಆಗುತ್ತೆ? ಹತ್ತು ವರ್ಷ ಲೆಕ್ಕದಲ್ಲಿ ಕಲಿತದ್ದು ಸುಳ್ಳಾ?" ಲೆಕ್ಕದ ಮೇಡಂ ಆಗಿ ಬಂದ ನನಗೆ ಆ ಪ್ರಶ್ನೆ ಹೊಳೆದಿರಲೇ ಇಲ್ಲ. ಇಲ್ಲಿ ಅದು ಸಮ ಎಂಬ ಮಾತಲ್ಲ, ಬಲಗಡೆಯದನ್ನು ಎಡಗಡೆಯದರೊಳಗೆ ಹಾಕು ಎಂಬ ಆಜ್ಞೆ ಎಂದು ಹೇಳಲು ಇಡೀ ಪೀರಿಯಡ್ ಕೊಟ್ಟೆ, ವಾಚು ನೋಡಲಿಲ್ಲ.

ಆ ಚೀಟಿಯ ಅಕ್ಷರ ಬಹಳ ಸಣ್ಣದು, ಅದೂ ಕನ್ನಡದಲ್ಲಿ. ಮಿಕ್ಕವರೆಲ್ಲ ಇಂಗ್ಲಿಷಿನಲ್ಲಿ ಗೀಚುತ್ತಿದ್ದಾಗ ಅದೊಂದೇ ಇರುವೆ ಸಾಲಿನಂಥ ಕನ್ನಡ. ವಾರಕ್ಕೆ ಎರಡು ಮೂರಾದರೂ ಬರುತ್ತಿತ್ತು, ಬಂದದ್ದೆಲ್ಲ ಪ್ರಶ್ನೆಯೇ. ಯಾರದೆಂದು ಗೊತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಸಣ್ಣಕ್ಷರ ಎಂದು ಕರೆಯುತ್ತಿದ್ದೆ. ಡಬ್ಬ ತೆರೆದರೆ ಮೊದಲು ಅದನ್ನೇ ಹುಡುಕುವಷ್ಟು ರುಚಿ ಹತ್ತಿತ್ತು. ಸಣ್ಣಕ್ಷರದ ಇನ್ನೊಂದು ಚೀಟಿ: "ಎ ಒಳಗೆ ಬಿ ಹಾಕಿದ್ರೆ ಎ ಒಳಗೆ ಮೊದಲೇ ಇದ್ದದ್ದು ಎಲ್ಲಿಗೆ ಹೋಗುತ್ತೆ? ಚೆಲ್ಲಿಹೋಗುತ್ತಾ?" ಇದಕ್ಕೆ ನಾಳೆ ಚೆನ್ನಾಗಿ ಉತ್ತರ ಹೇಳಬೇಕು ಎಂದು ಪರ್ಸಿನಲ್ಲಿಟ್ಟುಕೊಂಡೆ.

ಆ ನಾಳೆ ಬರುವ ಮೊದಲೇ ನಾನು ನನ್ನ ಕೈಯಾರೆ ಕೆಲಸ ಕೆಡಿಸಿದೆ. ಸ್ಟಾಫ್ ಮೀಟಿಂಗಿನಲ್ಲಿ ಚೀಟಿಯ ವಿಷಯ ಬಂತು. ರುದ್ರಪ್ಪನವರು ಮೆಚ್ಚಿಕೊಂಡು, "ಬಹಳ ಚೆನ್ನಾಗಿದೆ ಮೇಡಂ. ಆದ್ರೆ ಯಾರಿಗೆ ಆಗಿಲ್ಲ ಅಂತ ಗೊತ್ತಾದ್ರಲ್ವಾ ನಾವು ಏನಾದ್ರೂ ಮಾಡೋಕಾಗೋದು? ರೋಲ್ ನಂಬರ್ ಹಾಕ್ಸಿ" ಎಂದರು. ಅವರ ಮೇಲೆ ತಪ್ಪು ಹೊರಿಸುವುದಿಲ್ಲ, ನನಗೂ ಅದು ಬಹಳ ಸರಿಯೆನ್ನಿಸಿತು. ರೋಲ್ ನಂಬರ್ ಹಾಕಿಸಿದೆ. ಅರ್ಥವಾಗಲಿಲ್ಲ ಎಂದು ಬರೆದವರಿಗೆ ಶನಿವಾರ ಮಧ್ಯಾಹ್ನ ಸ್ಪೆಷಲ್ ಕ್ಲಾಸ್ ಇಟ್ಟೆ. ಯಾರು ಯಾರು ಬರಬೇಕು ಎಂಬ ಪಟ್ಟಿಯನ್ನು ನೋಟಿಸ್ ಬೋರ್ಡಿಗೂ ಅಂಟಿಸಿದೆ. ಮೊದಲ ಶನಿವಾರ ಹದಿನೈದು ಜನ ಬಂದರು. ಎರಡನೆಯ ಶನಿವಾರ ನಾಲ್ಕು. ಮೂರನೆಯ ಶನಿವಾರ ಯಾರೂ ಇಲ್ಲ, ಚೀಟಿಗಳಲ್ಲೆಲ್ಲ ರೋಲ್ ನಂಬರ್, ಪಕ್ಕದಲ್ಲಿ "ಅಂಡರ್‌ಸ್ಟುಡ್" ಎಂಬ ಒಂದೇ ಇಂಗ್ಲಿಷ್ ಪದ. ನಾನು ಖುಷಿಪಟ್ಟೆ. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿಕೊಂಡೆ, ಚಪ್ಪಾಳೆ ತಟ್ಟಿದರು. ಸಣ್ಣಕ್ಷರ ಬರುವುದು ನಿಂತಿದ್ದನ್ನು ಗಮನಿಸಿದ್ದೆ, ಅವರಿಗೂ ಎಲ್ಲ ಅರ್ಥವಾಗತೊಡಗಿದೆ ಎಂದುಕೊಂಡೆ. ಪರ್ಸಿನಲ್ಲಿದ್ದ ಚೀಟಿ ಬಸ್ ಪಾಸಿನ ಹಿಂದೆ ಸೇರಿಹೋಯಿತು.

ಮೊದಲ ಟೆಸ್ಟಿನ ಮಾರ್ಕ್ಸ್ ಕೊಟ್ಟ ವಾರ, ಬುಧವಾರವಿರಬೇಕು, ಒಬ್ಬರು ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. ಹುಡುಗಿ ನೇತ್ರಾವತಿ, ಮೂರನೆಯ ಬೆಂಚಿನಲ್ಲಿ ಗೋಡೆ ಪಕ್ಕ ಕೂರುತ್ತಿದ್ದವಳು. ನಾನು ಅವಳ ದನಿ ಕೇಳಿದ್ದು ಹಾಜರಿ ಕರೆದಾಗ ಮಾತ್ರ. ತಂದೆ ಮಲ್ಲಪ್ಪನವರು, ಹಾವೇರಿ ಕಡೆಯವರು, ಬ್ಯಾಡರಹಳ್ಳಿಯಲ್ಲಿ ಪಾತ್ರೆ ಅಂಗಡಿ. ಹಣೆಗೆ ವಿಭೂತಿ, ಕೈಯಲ್ಲಿ ಮಡಿಸಿದ ಅರ್ಜಿ.

"ನಮಸ್ಕಾರ್ರೀ ಮೇಡಂನವರ. ನಮ್ ಹುಡುಗೀಗ ಈ ಕಂಪ್ಯೂಟರ್ ಆಗವಲ್ದುರೀ. ಕಾಮರ್ಸಿಗೆ ಹಾಕಬೇಕಂತ ಮಾಡೀವಿ. ಶನಿವಾರ ಲಾಸ್ಟ್ ಡೇಟ್ ಅಂತ, ನೀವೊಂದು ಸಹಿ ಹಾಕಿ ಕೊಟ್ರ ನಮ್ ಕೆಲಸ ಆಗ್ತದ."

ಟೆಸ್ಟಿನಲ್ಲಿ ಅವಳಿಗೆ ಇಪ್ಪತ್ತೈದಕ್ಕೆ ನಾಲ್ಕು ಬಂದಿತ್ತು. ಆದರೆ ಚೀಟಿಗಳ ಕಟ್ಟು ನನ್ನ ಡ್ರಾಯರಿನಲ್ಲೇ ಇತ್ತಲ್ಲ, ತೆಗೆದು ಅವಳ ರೋಲ್ ನಂಬರಿನವನ್ನು ಇಸ್ಪೀಟ್ ಎಲೆ ಹರಡಿದ ಹಾಗೆ ಮೇಜಿನ ಮೇಲೆ ಹರಡಿದೆ.

"ನೋಡಿ ಸಾರ್. ದಿನಾ ಅಂಡರ್‌ಸ್ಟುಡ್, ಅಂಡರ್‌ಸ್ಟುಡ್. ಆಗಿಲ್ಲ ಅಂತ ಒಂದು ದಿನ ಬರೆದಿದ್ರೆ ನಾನು ಹೇಳಿಕೊಡ್ತಿರ್ಲಿಲ್ವಾ? ಯಾಕಮ್ಮ ಸುಳ್ಳು ಬರೆದೆ?"

ನನ್ನ ನಾಲಿಗೆ ಸ್ವಲ್ಪ ಉದ್ದ. ಹೆತ್ತ ತಂದೆಯ ಎದುರಿಗೆ ಹುಡುಗಿಯನ್ನು ಸುಳ್ಳಿ ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ ನಿಂತಳು. ಮಲ್ಲಪ್ಪನವರು ಅರ್ಜಿ ಮುಂದಿಟ್ಟರು. ಸಹಿ ಹಾಕಲು ಪೆನ್ ತೆಗೆದೆ, ಬಿಡಿಸಿ ನೋಡಿದೆ. ಅರ್ಜಿಯನ್ನು ತಂದೆಯ ಹೆಸರಿನಲ್ಲಿ ಮಗಳು ಬರೆದಿದ್ದಳು, ಕನ್ನಡದಲ್ಲಿ. ಇರುವೆ ಸಾಲಿನಂಥ ಸಣ್ಣ ಅಕ್ಷರ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದಾಯಿತು. ಪರ್ಸಿನಿಂದ ಹಳೆಯ ಚೀಟಿ ತೆಗೆದು ಅರ್ಜಿಯ ಪಕ್ಕ ಇಟ್ಟೆ. ಒಂದೇ ಕೈ.

"ಇದು ನೀನು ಬರೆದಿದ್ದಾ?"

ತಲೆಯಾಡಿಸಿದಳು.

"ಆಮೇಲೆ ಯಾಕೆ ನಿಲ್ಲಿಸಿದೆ?"

"ನಂಬರ್ ಹಾಕಿ ಅಂದ್ರಲ್ಲ ಮೇಡಂ. ನಾನು ಕನ್ನಡ ಮೀಡಿಯಂ. ಬೋರ್ಡಿಗೆ ಹಾಕ್ತೀರಲ್ಲ, ಅದಕ್ಕೆ ಎಲ್ರೂ ಡಲ್ ಲಿಸ್ಟ್ ಅಂತಾರೆ. ಮೊದಲನೇ ಶನಿವಾರ ನನ್ನ ಪಕ್ಕದವಳ ಹೆಸರು ಇತ್ತು, ಎಲ್ರೂ ನಕ್ರು."

ನಾನು ಆ ಪಟ್ಟಿಯನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೆ. ದೂರದಿಂದ ಕಾಣಲಿ ಎಂದು. ಕ್ಲಾಸಿನಲ್ಲಿ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಕೇಳುತ್ತಿದ್ದ ಹುಡುಗಿ ಆ ಪಟ್ಟಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಳು. ಕೇಳದೆ ಉಳಿದ ಒಂದು ಪ್ರಶ್ನೆಯ ಮೇಲೆ ಮುಂದಿನ ಪಾಠವೆಲ್ಲ ಕೂತಿತ್ತು, ಹಾಗಾಗಿ ಅದೆಲ್ಲವೂ ಅವಳಿಗೆ ತಪ್ಪಿಹೋಗಿತ್ತು. ಈಗ ಅವಳು ಹೋಗುವ ಕಾಗದಕ್ಕೆ ನಾನೇ ಸಹಿ ಹಾಕಬೇಕು. ನನಗೆ ಬಹಳ ದುಃಖವಾಯಿತು. ನನ್ನ ಮೇಲೆ ನನಗೇ ಅಷ್ಟು ಸಿಟ್ಟು ಬಂದದ್ದು ಆ ಕೆಲಸದಲ್ಲಿ ಅದೊಂದೇ ಸಲ.

"ಸಾರ್, ತಪ್ಪು ನಂದು. ಮಗುದಲ್ಲ" ಎಂದೆ ಮಲ್ಲಪ್ಪನವರಿಗೆ. "ಶನಿವಾರದ ತನಕ ಈ ಅರ್ಜಿ ನನ್ನ ಹತ್ರ ಇರ್ಲಿ. ಇನ್ನೆರಡು ಕ್ಲಾಸಿಗೆ ಬರಲಿ ಅವಳು. ಆಮೇಲೂ ಬೇಡ ಅಂದ್ರೆ ಮರುಮಾತಿಲ್ದೆ ಸೈನ್ ಹಾಕ್ತೀನಿ."

ಅವರು ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. "ನೀವ್ ದೊಡ್ಡವ್ರು, ಹಿಂಗ್ ಅಂದಮ್ಯಾಲ ಏನ್ ಹೇಳೂದ್ರೀ. ಶನಿವಾರ ಬರ್ತೇವಿ" ಎಂದರು.

ಗುರುವಾರ ಬೆಳಿಗ್ಗೆ ಬೇಗ ಹೋಗಿ ನೋಟಿಸ್ ಬೋರ್ಡಿನ ಪಟ್ಟಿ ಕಿತ್ತೆ. ಕ್ಲಾಸಿನಲ್ಲಿ ಇನ್ನು ಮೇಲೆ ನಂಬರ್ ಬೇಡ, ಹಾಕಿಸಿದ್ದು ನನ್ನ ತಪ್ಪು ಎಂದೆ. ಮಕ್ಕಳು ನಂಬಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಯಿಂದ ಮೂರು ಸ್ಟೀಲ್ ಲೋಟ ತಂದಿದ್ದೆ, ಎರಡನ್ನು ಮೇಜಿನ ಮೇಲಿಟ್ಟೆ. ಒಂದರಲ್ಲಿ ಕಾಫಿ, ಒಂದರಲ್ಲಿ ಮಜ್ಜಿಗೆ, ಮೂರನೆಯದು ಖಾಲಿ, ಅದನ್ನು ಮೇಜಿನ ಕೆಳಗೆ ಬಚ್ಚಿಟ್ಟಿದ್ದೆ. ಕಾಫಿ ಲೋಟಕ್ಕೆ ಮಜ್ಜಿಗೆ ಬರಬೇಕು, ಮಜ್ಜಿಗೆ ಲೋಟಕ್ಕೆ ಕಾಫಿ ಬರಬೇಕು, ಹೇಗೆ ಎಂದು ಕೇಳಿದೆ.

"ಸುರೀರಿ ಮೇಡಂ" ಎಂದ ಒಬ್ಬ. ಕಾಫಿಯ ಮೇಲೆ ಮಜ್ಜಿಗೆ ಸುರಿಯಲು ಬಗ್ಗಿಸಿದೆ. "ಅಯ್ಯೋ ಬೇಡ ಬೇಡ!" ಎಂದು ಕ್ಲಾಸೆಲ್ಲ ಕೂಗಿತು. ಮೂರನೆಯ ಬೆಂಚಿನ ಗೋಡೆ ಪಕ್ಕದಿಂದ, ಅಷ್ಟೇನೂ ಜೋರಿಲ್ಲದ ದನಿಯಲ್ಲಿ, "ಇನ್ನೊಂದ್ ಲೋಟ ಬೇಕು ಮೇಡಂ" ಎಂದು ಕೇಳಿಸಿತು. ಪಾತ್ರೆ ಅಂಗಡಿಯವರ ಮಗಳು. ಮೇಜಿನ ಕೆಳಗಿನಿಂದ ಖಾಲಿ ಲೋಟ ತೆಗೆದೆ. ಅದಲು ಬದಲು ಮಾಡಿದೆ. ಬೋರ್ಡಿನ ಮೇಲೆ ಅದನ್ನೇ ಮೂರು ಸಾಲಾಗಿ ಬರೆದೆ. ಎ ಒಳಗೆ ಮೊದಲೇ ಇದ್ದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಐದು ವಾರ ತಡವಾಗಿ ಉತ್ತರ ಹೇಳಿದೆ. ಚೆಲ್ಲಿಹೋಗುತ್ತದೆ, ಅದಕ್ಕೇ ಮೊದಲು ಇನ್ನೊಂದು ಕಡೆ ಎತ್ತಿಡಬೇಕು.

ಪೀರಿಯಡ್ ಮುಗಿಯುವಾಗ ಚೀಟಿ ಹಂಚಿದೆ. ಬಾಗಿಲ ಬಳಿ ನಿಲ್ಲದೆ ಹೊರಗೆ ಹೋದೆ, ಯಾರು ಯಾವುದು ಹಾಕುತ್ತಾರೆಂದು ನೋಡಬಾರದಲ್ಲ. ಆಮೇಲೆ ಡಬ್ಬ ತೆರೆದರೆ ಮುಕ್ಕಾಲು ಪಾಲು ಅಂಡರ್‌ಸ್ಟುಡ್. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ತಳದಲ್ಲಿ ಸಣ್ಣಕ್ಷರ ಇತ್ತು: "ಲೋಟದಿಂದ ಸುರಿದ್ರೆ ಮೊದಲಿನ ಲೋಟ ಖಾಲಿ ಆಗುತ್ತೆ. ಕಂಪ್ಯೂಟರಲ್ಲೂ ಖಾಲಿ ಆಗುತ್ತಾ?"

ಖಾಲಿ ಆಗುವುದಿಲ್ಲ. ಕಂಪ್ಯೂಟರ್ ಸುರಿಯುವುದಿಲ್ಲ, ನಕಲು ಮಾಡುತ್ತದೆ. ನಾನು ಹೆಮ್ಮೆಯಿಂದ ಹೊತ್ತು ತಂದ ಲೋಟದ ಉದಾಹರಣೆಯಲ್ಲೇ ತಪ್ಪಿತ್ತು, ಇಪ್ಪತ್ತೈದಕ್ಕೆ ನಾಲ್ಕು ತೆಗೆದವಳು ಅದನ್ನು ಹಿಡಿದಿದ್ದಳು. ಶುಕ್ರವಾರ ಚೀಟಿಯನ್ನು ಕ್ಲಾಸಿಗೆ ಓದಿ ಹೇಳಿದೆ. "ಇದನ್ನು ಬರೆದವರು ಯಾರೋ ನನಗೆ ಬೇಡ. ನಿನ್ನೆ ನಾನು ತೋರಿಸಿದ್ದು ಪೂರ್ತಿ ಸರಿಯಿಲ್ಲ. ಸರಿಯಾದದ್ದು ಹೇಗೆ ತೋರಿಸ್ಬೇಕು ಅಂತ ಯೋಚನೆ ಮಾಡಿ ಸೋಮವಾರ ಹೇಳ್ತೀನಿ." ಮೇಡಂ ಸರಿಯಿಲ್ಲ ಎಂದು ಮೇಡಮ್ಮೇ ಹೇಳಿದ್ದು ಮಕ್ಕಳಿಗೆ ಭಾರಿ ಖುಷಿ ಕೊಟ್ಟಿತು. ಅವಳು ಮಾತ್ರ ಪುಸ್ತಕದಿಂದ ಕಣ್ಣೆತ್ತಲಿಲ್ಲ.

ಶನಿವಾರ ತಂದೆ, ಮಗಳು ಬಂದರು. ಅರ್ಜಿ ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಪೆನ್ ಇಟ್ಟೆ. ಹೇಳಬೇಕೆಂದುಕೊಂಡಿದ್ದ ಮಾತು ಬಹಳವಿತ್ತು, ಒಂದನ್ನೂ ಹೇಳಲಿಲ್ಲ. ಈ ಸಲ ನಾಲಿಗೆಗೆ ಕಡಿವಾಣ ಹಾಕಿಕೊಂಡೆ.

"ಏನ್ ಮಾಡೋಣ ಹೇಳವಾ?" ಎಂದರು ಮಲ್ಲಪ್ಪನವರು.

"ಅಪ್ಪಾ, ಸೋಮವಾರ ಮೇಡಂ ಒಂದು ಪ್ರಶ್ನೆಗೆ ಉತ್ತರ ಹೇಳ್ತೇನಿ ಅಂದಾರ. ಅದನ್ನ ಕೇಳ್ಬೇಕು."

"ಸೋಮವಾರ ಅಂದ್ರ ಲಾಸ್ಟ್ ಡೇಟ್ ಮುಗಿದಿರ್ತದಲ್ಲವಾ."

"ಮುಗೀಲಿ ಬಿಡಪ್ಪಾ."

ಮಲ್ಲಪ್ಪನವರು ಅರ್ಜಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಸೋಮವಾರ ನಾನು ಎರಡು ಸ್ಲೇಟ್ ತೆಗೆದುಕೊಂಡು ಹೋದೆ. ಒಂದರಲ್ಲಿದ್ದ ಸಂಖ್ಯೆಯನ್ನು ನೋಡಿಕೊಂಡು ಇನ್ನೊಂದರಲ್ಲಿ ಬರೆದರೆ ಮೊದಲನೆಯದು ಅಳಿಸುವುದಿಲ್ಲ, ಆದರೆ ಎರಡನೆಯದರಲ್ಲಿ ಇದ್ದದ್ದನ್ನು ಅಳಿಸದೆ ಬರೆಯಲಾಗುವುದಿಲ್ಲ. ಲೋಟಕ್ಕಿಂತ ಇದು ವಾಸಿ. ಈಗಲೂ ಇಬ್ಬರಲ್ಲಿ ಒಬ್ಬರಿಗೆ ಲೋಟವೇ ಮೊದಲು ಅರ್ಥವಾಗುತ್ತದೆ, ಹಾಗಾಗಿ ಎರಡನ್ನೂ ಮಾಡಿ.

ನೇತ್ರಾವತಿ ಎರಡು ವರ್ಷ ನಮ್ಮಲ್ಲೇ ಓದಿ ಪಾಸಾದಳು. ಕಾಲೇಜಿಗೆ ಫಸ್ಟ್ ಬರಲಿಲ್ಲ, ಪೇಪರಿನಲ್ಲಿ ಫೋಟೋ ಬರಲಿಲ್ಲ. ಈಗ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ನನಗೆ ಗೊತ್ತಿಲ್ಲ. ರುದ್ರಪ್ಪನವರು ರೋಲ್ ನಂಬರ್ ಯಾಕೆ ಬಿಟ್ಟಿರಿ ಎಂದು ಕೇಳಿದಾಗ, "ನಂಬರ್ ಹಾಕಿದ್ರೆ ಎಲ್ಲರಿಗೂ ಅರ್ಥ ಆಗಿಬಿಡುತ್ತೆ ಸಾರ್" ಎಂದೆ. ಅವರು ಸ್ವಲ್ಪ ಯೋಚಿಸಿ, ಮೀಟಿಂಗಿನ ನಡಾವಳಿಯಲ್ಲಿ ಹಿಂದೆ ಬರೆದಿದ್ದನ್ನು ಹೊಡೆದುಹಾಕಿಸಿದರು. ಒಳ್ಳೆಯ ಮನುಷ್ಯ.

ಆಮೇಲೆ ಪಾಠದ ಭಾಷೆಯೇ ಬದಲಾಯಿತು. ಸಿ ಪ್ಲಸ್ ಪ್ಲಸ್ ಹೋಗಿ ಪೈಥಾನ್ ಬಂತು. ಮೂರು ಲೋಟ ಇಟ್ಟರೆ, "ಮೇಡಂ, ಪೈಥಾನಲ್ಲಿ ಒಂದೇ ಲೈನಲ್ಲಿ ಅದಲು ಬದಲು ಮಾಡಬಹುದು" ಎಂದು ಹುಡುಗರು ನಗುತ್ತಿದ್ದರು. ಮಾಡಲಿ, ಮೂರನೆಯ ಲೋಟವನ್ನು ಅದು ಎಲ್ಲಿ ಬಚ್ಚಿಟ್ಟುಕೊಂಡಿದೆ ಹೇಳಿ ಎಂದು ಕೇಳುತ್ತಿದ್ದೆ. ಈಗಂತೂ ಪ್ರಶ್ನೆ ಕೊಟ್ಟರೆ ಫೋನೇ ಪ್ರೋಗ್ರಾಮ್ ಬರೆದುಕೊಡುತ್ತದೆ. ಬೈದು ಪ್ರಯೋಜನವಿಲ್ಲ. ನನ್ನ ಕೊನೆಯ ಎರಡು ವರ್ಷ ಆ ಪ್ರೋಗ್ರಾಮನ್ನೇ ಬೋರ್ಡಿಗೆ ಹಾಕಿಸಿ, ಒಂದು ಸಾಲು ಅಳಿಸಿ, ಈಗ ಏನಾಗುತ್ತದೆ ಎಂದು ಕೇಳಿ ಕ್ಲಾಸು ಶುರು ಮಾಡುತ್ತಿದ್ದೆ. ಫೋನ್ ಒಳಗಿಟ್ಟು ಯೋಚಿಸುತ್ತಿದ್ದರು. ಡಬ್ಬ ಮಾತ್ರ ಅದೇ, ಚೀಟಿಯೂ ಅದೇ.

ನಾನು ಬಿಡುವ ದಿನ ಮಕ್ಕಳು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಕೇಕು, ಶಾಲು, ಭಾಷಣ. ಕೊನೆಗೆ ಆ ಬಿಸ್ಕತ್ ಡಬ್ಬವನ್ನು ಚೀಟಿ ತುಂಬಿಸಿ ಕೈಗಿಟ್ಟರು. ಸಂಜೆ ಮನೆಯಲ್ಲಿ ಕೂತು ಒಂದೊಂದೇ ಬಿಡಿಸಿದೆ. ಯು ಆರ್ ದ ಬೆಸ್ಟ್ ಮೇಡಂ. ಮಿಸ್ ಯು ಮೇಡಂ. ನಿಮ್ಮ ಪಾಠ ಎಲ್ಲಾ ಅರ್ಥ ಆಯ್ತು ಮೇಡಂ. ಎಲ್ಲದರ ಕೆಳಗೂ ಹೆಸರು, ಸೆಕ್ಷನ್ನು, ಕೆಲವರು ಬಣ್ಣದ ಪೆನ್ನಿನಲ್ಲಿ. ಹೆಸರು ಹಾಕಿದ ಚೀಟಿಯನ್ನು ಎಷ್ಟು ನಂಬಬೇಕೆಂದು ನನಗೆ ಗೊತ್ತಿತ್ತು, ಆದರೂ ಕಣ್ಣಲ್ಲಿ ನೀರು ಬಂತು. ತಳದಲ್ಲಿ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಬರೆದ ಒಂದು ಚೀಟಿ ಇತ್ತು, ಹೆಸರಿಲ್ಲದ್ದು. "ಲೂಪ್ ಒಳಗೆ ಲೂಪ್ ಇನ್ನೂ ಅರ್ಥ ಆಗಿಲ್ಲ ಮೇಡಂ. ನಾಳೆಯಿಂದ ಯಾರನ್ನ ಕೇಳ್ಲಿ?"

ತಕ್ಷಣ ಕಾವ್ಯಾಗೆ ಫೋನ್ ಮಾಡಿದೆ. ಆಗ ಅವಳು ಸೇರಿ ಹದಿನೈದು ದಿನವಾಗಿತ್ತು.

"ಕಾವ್ಯಾ, ನಾಳೆ ಸೆಕೆಂಡ್ ಪೀರಿಯಡ್ ನಿಂದೇ ಅಲ್ವಾ? ಒಂದು ಚೀಟಿ ಓದ್ತೀನಿ, ಬರ್ಕೋ. ಇದರಿಂದ ಶುರು ಮಾಡು."

ಬರೆದುಕೊಂಡಳು. "ಯಾರದು ಮೇಡಂ ಇದು? ಹೇಳಿದ್ರೆ ಆ ಸ್ಟೂಡೆಂಟನ್ನ ಪಕ್ಕಕ್ಕೆ ಕರೆದು ಹೇಳಿಕೊಡ್ತೀನಿ" ಎಂದಳು.

"ಗೊತ್ತಿಲ್ಲಮ್ಮ. ಹೆಸರಿಲ್ಲ" ಎಂದೆ.

ಕಾವ್ಯಾ, ಅವತ್ತು ನಿನಗೆ ಸುಳ್ಳು ಹೇಳಿದೆ. ಇಷ್ಟು ವರ್ಷ ಚೀಟಿ ಓದಿದವಳಿಗೆ ಅಕ್ಷರ ಗೊತ್ತಾಗದೆ ಇರುತ್ತದೆಯೇ? ನೋಡಿದ ಕೂಡಲೇ ಗೊತ್ತಾಗಿತ್ತು. ಈಗಲೂ ಹೇಳುವುದಿಲ್ಲ.